ಪಾಟಿಗಳ ಮೇಲೆ ಕೆರೆಯ ಏರಿ

ಹಳೇ ಹುಬ್ಬಳ್ಳಿಯ ಮುರುಗೆಪ್ಪ ಮಾಸ್ತರರಿಗೆ ಚೌಕದ ಹುಚ್ಚು. ಎಂಜಿನಿಯರಿಂಗ್ ಕಾಲೇಜಿನಲ್ಲಿ ನೀರಿನ ಹರಿವನ್ನು ಕಲಿಸುವ ಈ ಮನುಷ್ಯ ಜೋಳದ ರೊಟ್ಟಿಯನ್ನೂ ಚೌಕವಾಗಿ ಮುರಿದೇ ತಿನ್ನುತ್ತಿದ್ದರು. "ತಿನ್ನಾಕ ಕೊಟ್ಟೇನ್ರಿ, ಅಳ್ಯಾಕಲ್ಲ" ಎಂದು ಹೆಂಡತಿ ಮುತ್ತವ್ವ ಗದರಿದರೆ, "ದೊಡ್ಡದು ತಿಳೀಬೇಕಂದ್ರ ಸಣ್ಣದು ಮಾಡಬೇಕು ನೋಡು" ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದರು.

1962ರ ಬೇಸಿಗೆಯಲ್ಲಿ ಮಾಸ್ತರರು ಒಂದು ಮಾತಾಡಿ ಸಿಕ್ಕಿಬಿದ್ದರು. ಉಣಕಲ್ಲಿನಾಚೆ ಹೊಸದಾಗಿ ಕಟ್ಟಿದ ಸಣ್ಣ ಕೆರೆ ತುಂಬಿದರೆ, ಏರಿಯೊಳಗೆ ಜಿನುಗುವ ನೀರು ಹೊರಬುಡದ ಮಣ್ಣನ್ನೇ ಹೊತ್ತೊಯ್ಯುತ್ತದೆ. ಮಳೆಗೆ ಮುಂಚೆ ಅಲ್ಲಿ ಜಲ್ಲಿ ಹಾಕದಿದ್ದರೆ ಏರಿ ಕುಸಿದು ಕೆಳಗಿನ ಊರಿಗೆ ನೀರು ನುಗ್ಗುತ್ತದೆ ಎಂದಿದ್ದರು. ಕೆರೆಯ ಇಂಜಿನಿಯರ್ ಯಮನಪ್ಪನವರು ನಕ್ಕು, "ಲೆಕ್ಕಾ ತೋರಸ್ರಿ, ಆಮ್ಯಾಗ ಜಲ್ಲಿ" ಎಂದಿದ್ದರು.

ಗಣಕಯಂತ್ರ ಹುಬ್ಬಳ್ಳಿಗೆ ಬಂದಿರಲಿಲ್ಲ, ಹುಡುಗರು ಬೇಕಾದಷ್ಟಿದ್ದರು. ಮಾಸ್ತರರು ಕಾಲೇಜಿನ ಅಂಗಳದಲ್ಲಿ ಸುಣ್ಣದಿಂದ ಏರಿಯ ನಕ್ಷೆ ಬರೆದು, ಚೌಕಕ್ಕೊಬ್ಬನನ್ನು ಪಾಟಿ, ಬಳಪ ಕೊಟ್ಟು ಕೂಡಿಸಿದರು. ಕೆರೆಯಂಚಿನವರ ಪಾಟಿಯಲ್ಲಿ ತುಂಬಿದ ಕೆರೆಯ ಒತ್ತಡವೆಂದು ನೂರು, ಹೊರಬುಡದ ಅಂಚಿನವರದರಲ್ಲಿ ಸೊನ್ನೆ, ಇವು ಬದಲಾಗಕೂಡದು. ನಡುವಿನವನು ಸುತ್ತಲಿನ ನಾಲ್ವರ ಸಂಖ್ಯೆ ನೋಡಿ ಸರಾಸರಿ ಬರೆಯಬೇಕು, ಅವರು ತಿದ್ದಿದರೆ ತಾನೂ ತಿದ್ದಬೇಕು. ತಿದ್ದುವುದು ನಿಂತಾಗ ಸಿಗುವುದೇ ಮಣ್ಣೊಳಗಿನ ನೀರಿನ ಒತ್ತಡ. ಪರೀಕ್ಷೆಯಲ್ಲಿ ಪಕ್ಕದವನದನ್ನು ನೋಡಿ ಪಳಗಿದವರಿಗೆ ಇದು ಹೊಸದೇನಲ್ಲ.

ಯಮನಪ್ಪನವರು ಬರುವ ಹೊತ್ತಿಗೆ ತಿದ್ದುವುದು ನಿಂತಿತ್ತು. ಹೊರಬುಡದ ಸೊನ್ನೆಗಳ ಪಕ್ಕದ ಪಾಟಿಗಳನ್ನು ನೋಡಿ ಮಾಸ್ತರರು ಬೆವೆತರು. ಒತ್ತಡ ಹೆದರುವಷ್ಟಿರಲೇ ಇಲ್ಲ. ಏರಿ ಭದ್ರ!

"ಆತಲ್ರಿ ಮಾಸ್ತರ? ಜಲ್ಲಿ ಉಳೀತು."

"ತಡೀರಿ ಸಾಹೇಬರ. ಲೆಕ್ಕಾ ತಪ್ಪಿದ್ದು ಲೆಕ್ಕದಾಗಲ್ಲ, ಹುಡುಗರಾಗ."

ಸಾಲು ಸಾಲಾಗಿ ನೋಡುತ್ತ ಅವರು ನಕ್ಷೆಯ ಕೆರೆಯಂಚಿಗೆ ನಡೆದರು. ಅಲ್ಲಿ ದುರ್ಗದಬೈಲಿನ ಬಟ್ಟೆ ಅಂಗಡಿಯವರ ಮಗ ನಿಜಾಮುದ್ದೀನನ ಪಾಟಿಯಲ್ಲಿ ಅರವತ್ತು.

"ಏ ನಿಜಾಮ, ಕೆರಿ ನೀರು ಯಾರು ಕುಡದ್ರೋ?"

"ಮುಂದಿನ ಚೌಕದ ಈ ಹುಲಗಪ್ಪ ಗಂಟು ಬಿದ್ದನ್ರೀ ಸರ್, ನೂರು ಭಾಳಾತು ಅಂತ. ದೋಸ್ತ ಅಂತ ಎಂಬತ್ತಕ್ಕ ಇಳದೆ. ಮತ್ತ ಮಾರಿ ಸಣ್ಣ ಮಾಡಿದ. ನಾ ಇಳಿಸಿದ್ದು ನೋಡಿ ಬಾಜೂದವ್ರೂ ಇಳಿಸಿದ್ರು."

"ಇಲ್ಲಿ ಒಂದ ದರ! ನೀ ಇಳಿಸಿದ್ರ ಇಳಿಸಿದಿ, ಕೆರಿ ಇಳಸೂದಿಲ್ಲಪಾ."

ಅಂಚಿನಲ್ಲಿ ಮತ್ತೆ ನೂರು ಏರಿತು. ಬುಡದಲ್ಲಿ ದೊಡ್ಡ ಚೌಕಗಳಿಗೆ ಸೂಕ್ಷ್ಮ ಕಾಣದೆಂದು ಮಾಸ್ತರರು ಅವನ್ನು ಸೀಳಿ ಸಣ್ಣದು ಮಾಡಿದರು. ಕೆರೆ ಕಡೆಯ ಚೌಕಗಳನ್ನು ಒಂದಕ್ಕೊಂದು ಕೂಡಿಸಿ, ಅಲ್ಲಿ ಉಳಿದ ಹುಡುಗರ ಜೊತೆ ಹುಲಗಪ್ಪನನ್ನೂ ಬುಡಕ್ಕೆ ಎಬ್ಬಿಸಿ ತಂದರು. ಆದರೂ ಒಂದು ಚೌಕ ಖಾಲಿ ಉಳಿಯಿತು.

"ಸಾಹೇಬರ, ಒಬ್ರು ಕಡಿಮಿ ಬಿದ್ದಾರ. ಕೂಡ್ರಿ."

ಯಮನಪ್ಪನವರು ಪ್ಯಾಂಟು ಮೇಲೆಳೆದು ಸುಣ್ಣದ ಗೆರೆಯೊಳಗೆ ಕೂತರು. ಬರೆದರು, ಅಳಿಸಿದರು, ಬರೆದರು.

"ಏರಾಕತ್ತೇತಲ್ರೀ ಇದು!"

ಒಂದು ಗೇಣಿನಾಚೆ ಸೊನ್ನೆ; ಇವರ ಪಾಟಿಯಲ್ಲಿ ಮೂವತ್ತು. ಅಷ್ಟು ಕಡಿದಾಗಿ ಇಳಿಯುವ ಒತ್ತಡ ಮಣ್ಣನ್ನು ಹೊತ್ತೊಯ್ಯದೆ ಬಿಡುವುದಿಲ್ಲವೆಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ.

"ಸ್ವಲ್ಪ ಇಳಸ್ರಿ ಸಾಹೇಬರ," ಎಂದ ಹುಲಗಪ್ಪ.

"ಹೆಂಗ ಇಳಸಲೋ? ನಾನ ಬರದೇನಿ." ಅವರು ಅಂಗೈ ಊರಿ ಎದ್ದರು. "ನಾಳಿ ಜಲ್ಲಿ ಕಳಸ್ತೇನ್ರಿ, ಮಾಸ್ತರ."

"ಮದಲ ಉಸುಕು, ಅದರ ಮ್ಯಾಲ ಜಲ್ಲಿ. ಯಾಕಂತ ಅದನ್ನೂ ನಿಮ್ಮನ್ನ ಕೂಡಿಸಿ ತೋರಸ್ಲ್ಯಾ?"

"ಬ್ಯಾಡ್ರೀ ಮಾರಾಯ್ರ, ಸೊಂಟ ಹಿಡದೈತಿ. ನೀವು ಹೇಳಿದ್ದ ಖರೇ."