ನಟ್ಟಿನ ಮೇಲಿನ ಕೆಂಪು ಗೆರೆ

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಯಾವಾಗಲೋ ಚೈನಿಗೆ ಸಿಕ್ಕಿತ್ತಂತೆ, ಮತ್ತೆ ಕೂಡಲಿಲ್ಲ. ಆ ಸೀಳಿನ ಅಂಚನ್ನು ನಟ್ಟಿನೊಳಗೆ ಆಡಿಸಿ, ಒಳಗಿನ ಸುರುಳಿ ಥ್ರೆಡ್ ಸವೆದಿದೆಯೋ ಇಲ್ಲವೋ ಹೇಳುತ್ತಿದ್ದರು.

ಲಕ್ಷ್ಮೀಪುರಂನಲ್ಲಿ ಅವರದೊಂದು ಸೈಕಲ್ ಅಂಗಡಿ. ತೊಂಬತ್ತರ ದಶಕದಲ್ಲಿ ನಾನು ವರದಿಗಾರನಾಗಿ ಸೇರಿದಾಗ ಸೈಕಲ್ಲಿನಲ್ಲೇ ಊರು ಸುತ್ತುತ್ತಿದ್ದೆ. ಏನು ಕೆಟ್ಟರೂ ಅವರ ಬಳಿಗೆ. ಎಲ್ಲರಿಗೂ ಅವರು ಯಜಮಾನರು. ಮಾತು ಕಡಿಮೆ. ಯಾವ ನಟ್ಟನ್ನೂ ಮೊದಲು ಬರಿಗೈಯಲ್ಲೇ ಕೊನೆಯವರೆಗೆ ತಿರುಗಿಸಿ, ಅದು ಸರಿಯಾಗಿ ಕೂತಿದೆ ಎಂದು ಖಾತ್ರಿಯಾದ ಮೇಲೇ ಸ್ಪ್ಯಾನರ್ ಹಿಡಿಯುತ್ತಿದ್ದರು. ಅವಸರ ಮಾಡಿದರೆ, "ಸ್ಪ್ಯಾನರ್ ನಂಬ್ಬೇಡಿ ಸಾರ್, ಅದು ಎಲ್ಲಾದಕ್ಕೂ ಹೂಂ ಅಂತದೆ" ಎನ್ನುತ್ತಿದ್ದರು.

ಹತ್ತು ವರ್ಷ ಕಳೆಯುವ ಹೊತ್ತಿಗೆ ನನ್ನ ಮಂಡಿ ಸೋತಿತ್ತು. ಬ್ಯಾಟರಿ ಗಾಡಿಗಳು ಊರಿಗೆ ಬಂದಿದ್ದವು. ಒಂದನ್ನು ಕೊಂಡೆ. ಅದರ ಮೋಟಾರು ಹಿಂದಿನ ಚಕ್ರದ ಹೊಟ್ಟೆಯೊಳಗೇ ಇತ್ತು. ಯಜಮಾನರು ಸುತ್ತ ಒಂದು ಸಲ ನಡೆದು ನೋಡಿ ಹೇಳಿದರು: "ಸೈಕಲ್ಲಲ್ಲಿ ಚಕ್ರದ ನಡುವಿನ ಆಕ್ಸಲ್ ಸುಮ್ನಿರ್ತದೆ, ಚಕ್ರ ತಿರುಗ್ತದೆ. ಇದ್ರಲ್ಲಿ ಮೋಟಾರು ಚಕ್ರನ ಮುಂದಕ್ಕೆ ತಳ್ದಾಗ ಆಕ್ಸಲ್ನ ಹಿಂದಕ್ಕೆ ತಿರುಗಿಸೋಕೆ ನೋಡ್ತದೆ. ಅದನ್ನ ಹಿಡ್ಕೊಂಡಿರೋದು ಈ ಎರಡು ನಟ್ಟು. ಇವು ಕೈ ಬಿಟ್ರೆ ವೈರು ಕಿತ್ತು, ಚಕ್ರ ಕಚ್ಕೊಂಡು, ನೀವು ಕೆಳಗೆ."

ಕೇಳಿಸಿಕೊಂಡೆ. ಆದರೆ ಬಲಬದಿಯಲ್ಲಿ ಆಕ್ಸಲ್ ತುದಿ ನಟ್ಟಿನಿಂದಾಚೆ ಚಾಚಿಕೊಂಡು ನನ್ನ ಎರಡು ಪ್ಯಾಂಟು ಹರಿದಿತ್ತು. ಅವರ ಡಬ್ಬಿಯಲ್ಲಿ ತಲೆ ಮುಚ್ಚಿದ ಹೊಳಪಿನ ನಟ್ಟುಗಳಿದ್ದವು. ಟೋಪಿ ನಟ್ಟು ಎನ್ನುತ್ತಿದ್ದರು. ಅದನ್ನೇ ಹಾಕಿ ಎಂದೆ.

"ಮೋಟಾರಿಗೆ ಇದು ಯಾಕೋ ಸರಿಬರಲ್ಲ" ಎಂದರು.

"ಪ್ರೆಸ್‌ಮೀಟ್‌ಗೆ ಹೊತ್ತಾಯ್ತು. ಹಾಕ್ಬಿಡಿ ಯಜಮಾನ್ರೇ."

ಬೆರಳಲ್ಲಿ ನೋಡುವಷ್ಟು ಸಮಯ ನಾನು ಕೊಡಲಿಲ್ಲ. ಸ್ಪ್ಯಾನರಿನಲ್ಲಿ ಬಿಗಿದರು. ಗಟ್ಟಿಯಾಗಿ ಕೂತಿತು.

ಮೂರು ವಾರದ ಮೇಲೆ, ಹೆಬ್ಬಾಳದಲ್ಲಿ ಕಾರ್ಖಾನೆಯೊಂದರ ಕಾರ್ಮಿಕರ ಗೇಟ್ ಸಭೆಗೆ ಹೋಗುವಾಗ ಹಿಂದಿನ ಚಕ್ರ ಕಚ್ಚಿಕೊಂಡಿತು. ಬಿದ್ದೆ. ಎಡಗೈ ಮಣಿಕಟ್ಟು ಮುರಿಯಿತು. ಮಾರನೆಯ ದಿನ ಬ್ಯಾಂಡೇಜಿನೊಂದಿಗೆ ಅಂಗಡಿಗೆ ಹೋದಾಗ ಅವರು ಗಾಡಿಯನ್ನು ಆಗಲೇ ತರಿಸಿಕೊಂಡು ಬಿಚ್ಚಿದ್ದರು. ಟೋಪಿ ನಟ್ಟಿನ ಮುಚ್ಚಿದ ತಲೆಯ ಒಳಗೆ ಆಕ್ಸಲ್ ತುದಿ ತಗುಲಿದ ಗುರುತು ತೋರಿಸಿದರು. ನಟ್ಟು ಬಿಗಿಯಾಗಿದ್ದುದು ಆಕ್ಸಲ್ ತುದಿಗೆ. ಫ್ರೇಮನ್ನು ಅದು ಮುಟ್ಟಿಯೇ ಇರಲಿಲ್ಲ. ಒಂಟಿಯಾದ ಎಡಬದಿಯ ನಟ್ಟು ಅಷ್ಟು ದಿನ ತಡೆದದ್ದೇ ಹೆಚ್ಚು.

ನಾನು ಏನೋ ಹೇಳಹೊರಟೆ. ಅವರು ಕೇಳಲಿಲ್ಲ. "ನಿಮ್ಮದು ಹಾಕಿದ್ಮೇಲೆ ಇನ್ನೊಂದು ಗಾಡಿಗೂ ಇದನ್ನೇ ಹಾಕ್ಬುಟ್ಟೆ. ಚೆನ್ನಾಗಿ ಕಾಣ್ತದೆ ಅಂತ. ಒಬ್ರು ಟೀಚರಮ್ಮ. ಸಿದ್ಧಾರ್ಥನಗರ ಅಂದಿದ್ರು. ಹಿಂದೆ ಅತ್ತೇನ ಕೂರಿಸ್ಕೊಂಡ್ ಹೋಗ್ತಾರೆ."

ವಿಳಾಸ ಗೊತ್ತಿರಲಿಲ್ಲ. ಅಂಗಡಿಗೆ ಬಾಗಿಲೆಳೆದರು. ಆಟೋದಲ್ಲಿ ಇಬ್ಬರೂ ಹೋದೆವು. ಮೂರು ಹಾಲಿನ ಬೂತುಗಳಲ್ಲಿ ವಿಚಾರಿಸಿದೆವು. ದಾರಿಯುದ್ದಕ್ಕೂ ಅವರು ಎದುರು ಬರುವ ಪ್ರತಿ ಗಾಡಿಯ ಹಿಂದಿನ ಚಕ್ರ ನೋಡುತ್ತಿದ್ದರು. ನಾಲ್ಕನೆಯ ಬೂತಿನವನು ನಕ್ಕ: "ಅತ್ತೆ ಸೊಸೆ ಬ್ಯಾಟರಿ ಗಾಡಿ ತಾನೇ? ಅಗೋ, ಬೇವಿನ ಮರದ ಪಕ್ಕದ ಮನೆ."

ಗೇಟಿನಲ್ಲಿ ಗಾಡಿ ಹೊರಡಲು ನಿಂತಿತ್ತು. ಅತ್ತೆ ಹಿಂದೆ ಕೂತಾಗಿತ್ತು.

"ಇಳೀರಮ್ಮ, ನಟ್ಟು ತಪ್ಪು ಹಾಕ್ಬುಟ್ಟಿದೀನಿ" ಎಂದರು ಯಜಮಾನರು.

"ಚೆನ್ನಾಗೇ ಓಡ್ತಿದೆಯಲ್ರೀ" ಎಂದರು ಟೀಚರು.

ಯಜಮಾನರು ನೆಲಕ್ಕೆ ಕೂತು, ನಟ್ಟಿನ ಕೆಳಗಿನ ವಾಷರನ್ನು ಒಂದೇ ಬೆರಳಲ್ಲಿ ಸುತ್ತಿಸಿದರು. ಅದು ಬಳೆಯಂತೆ ಸಲೀಸಾಗಿ ತಿರುಗಿತು.

ಅತ್ತೆ ಬಗ್ಗಿ ನೋಡಿದರು. "ನನ್ನ ಬೀಳ್ಸೋಕೆ ಇವಳೇ ಹೇಳಿ ಹಾಕ್ಸಿದ್ಳೇನೋ ಕೇಳಿ."

"ಬೀಳ್ಸೋದಾದ್ರೆ ನಾನೂ ಬೀಳ್ಬೇಕಲ್ಲ ಅತ್ತೆ."

ಯಜಮಾನರು ನಗಲಿಲ್ಲ. ಜೇಬಿನಿಂದ ಮಾಮೂಲು ನಟ್ಟು ತೆಗೆದು, ಉಗುರು ಆಡಿಸಿ, ಬೆರಳಲ್ಲಿ ಕೂರಿಸಿ, ಕೊನೆಗೆ ಸ್ಪ್ಯಾನರಿನಲ್ಲಿ ಬಿಗಿದರು. ಮನೆಯಲ್ಲಿ ನೈಲ್ ಪಾಲಿಶ್ ಇದೆಯೇ ಎಂದು ಕೇಳಿ ತರಿಸಿಕೊಂಡು, ನಟ್ಟಿನಿಂದ ಫ್ರೇಮಿನವರೆಗೆ ಒಂದು ಕೆಂಪು ಗೆರೆ ಎಳೆದರು. "ದಿನಾ ಹೊರಡೋ ಮುಂಚೆ ನೋಡಿ. ಗೆರೆ ತುಂಡಾಗಿದ್ರೆ ನಟ್ಟು ತಿರುಗಿದೆ ಅಂತ. ಹತ್ತಬೇಡಿ." ಎದ್ದು ನಿಲ್ಲುವಾಗ ಕಾಂಪೌಂಡ್ ಹಿಡಿದುಕೊಂಡರು. ಎಷ್ಟು ದಣಿದಿದ್ದರೆಂದು ಆಗ ಕಂಡಿತು.

ವಾಪಸು ಬರುವಾಗ ಹೇಳಿದರು: "ಪೇಪರ್ನಲ್ಲಿ ಹಾಕಿ ಸಾರ್. ಬೇರೆ ಅಂಗಡಿಯೋರೂ ಹಾಕಿರ್ತಾರೆ. ನನ್ನ ತಪ್ಪು ಅಂತಾನೇ ಹಾಕಿ."

ಬರೆದೆ. ಮೆಕ್ಯಾನಿಕ್ ಒಬ್ಬರು ಅಳವಡಿಸಿದ ತಪ್ಪು ನಟ್ಟಿನಿಂದ ಅಪಘಾತ ಎಂದು ಆರು ಸಾಲು. ಹೆಸರು ಹಾಕಲಿಲ್ಲ. ಲಕ್ಷ್ಮೀಪುರಂಗೆ ಹೆಸರು ಬೇಕಿರಲಿಲ್ಲ. ನಾನು ಅಂಗಡಿಯಲ್ಲಿದ್ದಾಗಲೇ ಗಿರಾಕಿಯೊಬ್ಬರು, "ಪೇಪರ್ನಲ್ಲಿ ಬಂದಿತ್ತಲ್ಲ, ಅದು ನೀವೇನಾ?" ಎಂದು ಕೇಳಿದರು. "ಹೂಂ, ನಾನೇ" ಎಂದರು. ನನ್ನ ಕಡೆ ನೋಡಲೂ ಇಲ್ಲ. ನಾನು ಸುಮ್ಮನಿದ್ದೆ.

ಆಮೇಲೆ ಅಂಗಡಿಗೆ ಜನ ಕಡಿಮೆಯಾದರು. ಸೈಕಲ್ಲೇ ಕಡಿಮೆಯಾಗುತ್ತಿದ್ದ ಕಾಲ. ಆರು ಸಾಲಿನ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ಲೆಕ್ಕ ಹಾಕಿ ನನಗೆ ಸಾಕಾಗಿದೆ. ಎರಡು ವರ್ಷದ ನಂತರ, ಸಣ್ಣ ಕಾಯಿಲೆಯಲ್ಲಿ ಅವರು ಹೋದರು. ನನ್ನ ಗಾಡಿಗೂ ಮಾಮೂಲು ನಟ್ಟು ಹಾಕಿ ಅವರೆಳೆದಿದ್ದ ಕೆಂಪು ಗೆರೆ ಆಗಲೂ ತುಂಡಾಗಿರಲಿಲ್ಲ.

ವರದಿಯಲ್ಲಿ ತಪ್ಪಿದ್ದರೆ ಮರುದಿನ ತಿದ್ದುಪಡಿ ಹಾಕುವುದು ನಮ್ಮ ವೃತ್ತಿಯ ನಿಯಮ. ನನ್ನದು ತಡವಾಗಿದೆ. ಆ ಆರು ಸಾಲಿನ ಜೊತೆ ಇರಬೇಕಿದ್ದ ಏಳನೆಯದು ಇದು: ಮೆಕ್ಯಾನಿಕ್ ಬೇಡವೆಂದಿದ್ದರು, ಆ ನಟ್ಟನ್ನು ಅವಸರ ಮಾಡಿ ಹಾಕಿಸಿಕೊಂಡವನು ಈ ವರದಿಗಾರ.