ಡಾಕ್ಟರಮ್ಮನ ಥರ್ಮಾಮೀಟರ್

ಬಸುರಿಯನ್ನು ಕೇಳಿದ ಪ್ರಶ್ನೆಗೆ ಜೊತೆಗೆ ಬಂದವರು ಉತ್ತರ ಕೊಟ್ಟರೆ, ಸವಳಂಗ ರಸ್ತೆಯ ಡಾಕ್ಟರಮ್ಮ ಅವರ ಬಾಯಿಗೆ ಥರ್ಮಾಮೀಟರ್ ಇಡುತ್ತಿದ್ದರು.

ಇಂದು ಮೀಸೆ ತಿರುವುವ ನನ್ನ ಅವಳಿಗಳು ಆಗ ಹೊಟ್ಟೆಯಲ್ಲಿ ಕಾಲು ಕೆಳಗಾಗಿ ಕೂತಿದ್ದರು. ಹೆರಿಗೆ ಎಲ್ಲಿ, ಹೇಗೆ ಎಂದು ಡಾಕ್ಟರಮ್ಮ ನನ್ನನ್ನು ಕೇಳಿದರು.

"ಚೊಚ್ಚಲ ಹೆರಿಗೆ, ಭದ್ರಾವತೀಲಿ ನಮ್ಮನೇಲೇ ಆಗ್ಬೇಕು," ಎಂದಳು ಅಮ್ಮ.

"ಹೊಟ್ಟೆ ಕೊಯ್ಸೋದು ನಮ್ಮ ಮನೆತನದಲ್ಲೇ ಇಲ್ಲ," ಎಂದರು ಅತ್ತೆ.

ಇಬ್ಬರ ಬಾಯಿಗೂ ಥರ್ಮಾಮೀಟರ್ ಬಿತ್ತು.

"ಈಗ ನೀನು ಹೇಳು ಮಾರಾಯ್ತಿ. ಹಾಗೇ ಹೆತ್ರೆ ಮಕ್ಕಳಿಗೆ ಅಪಾಯ ಜಾಸ್ತಿ, ಕೊಯ್ದ್ರೆ ನಿಂಗೆ. ನೀನು ಹೇಳಿದ ಹಾಗೆ ಮಾಡ್ತೀನಿ."

ಮದುವೆ ಸೀರೆಯ ಬಣ್ಣಕ್ಕೂ ಯಾರೂ ನನ್ನ ಮಾತು ಕೇಳಿರಲಿಲ್ಲ. ಡಾಕ್ಟರಮ್ಮ ಅವಸರ ಮಾಡಲಿಲ್ಲ. ಬಾಯಿ ತೆರೆಯಹೊರಟ ಅತ್ತೆಯತ್ತ ಸುಮ್ಮನೆ ಬೆರಳೆತ್ತಿದರು.

"ಆಪರೇಷನ್ ಮಾಡಿ," ಎಂದೆ.

ಆಗಷ್ಟೇ ಎರಡೂ ಥರ್ಮಾಮೀಟರ್ ತೆಗೆದು, ಬೆಳಕಿಗೆ ಹಿಡಿದು ನೋಡಿ ಹೇಳಿದರು: "ಇಬ್ರಿಗೂ ಜ್ವರ ಇಲ್ಲ."