ಡಬ್ಬಿ ಮೇಲಿನ ವ್ಯಾಟ್ ನಂಬದ ಯಶೋದಾ

ದೇವದುರ್ಗದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಚಹಾದಂಗಡಿಯ ಒಲೆ ಇನ್ನೂ ಹೊತ್ತಿಲ್ಲ. ಯಶೋದಾ ಆಗಲೇ ಒಂದು ಕ್ರೂಸರ್ ಗಾಡಿಯ ಹಿಂದಿನ ಸೀಟಿನಡಿ ಅರ್ಧ ತೂರಿಕೊಂಡಿದ್ದಾರೆ. ಹೊರಗೆ ಕಾಣುವುದು ಎರಡು ಪಾದ, ಕಾಲುಂಗುರ, ಪಕ್ಕದಲ್ಲಿ ಬಿದ್ದ ಟೆಸ್ಟರ್. ಒಳಗಿನಿಂದ ದನಿ ಮಾತ್ರ ಜೋರಾಗಿ ಬರುತ್ತದೆ: "ತಿರುಪತಿ, ಈ ವೈರ್ ಯಾರು ಎಳದಾರೋ? ಮನ್ಯಾಗ ಬಲ್ಬಿಗೆ ಹಾಕೋ ವೈರ್ ಇದು!"

"ನಾನೇ ಅಕ್ಕಾ," ಎಂದು ಗಾಡಿಯ ಡ್ರೈವರ್ ತಿರುಪತಿ ತಲೆ ಕೆರೆದುಕೊಳ್ಳುತ್ತಾನೆ.

ಕಾರು, ಕ್ರೂಸರ್, ಟ್ರ್ಯಾಕ್ಟರುಗಳಿಗೆ ಸೌಂಡ್ ಕೂಡಿಸುವುದು ಯಶೋದಾ ಅವರ ಕೆಲಸ. ದಿನಕ್ಕೆ ಮೂರೋ ನಾಲ್ಕೋ ಗಾಡಿ. ಅಂಗಡಿಗೆ ಬೋರ್ಡಿಲ್ಲ, ಬಾಗಿಲಿಗೆ ತೂಗುಹಾಕಿದ ಹಳೇ ಸ್ಪೀಕರೇ ಗುರುತು.

ಇವತ್ತಿನ ಗಾಡಿ ಅರಕೇರಾದ ಹಾಡುಗಾರ್ತಿಯರದು. ಮದುವೆಗಳಲ್ಲಿ ಸೋಬಾನೆ ಹಾಡುವ ಮುದುಕಮ್ಮ ಮತ್ತು ಅವರ ಜೊತೆಗಾತಿಯರು ತಿರುಪತಿಯ ಕ್ರೂಸರಿಗೇ ಮೈಕು, ಸ್ಪೀಕರು ಕಟ್ಟಿಸಿಕೊಂಡು ಊರೂರು ತಿರುಗುತ್ತಾರೆ. ಹೋದ ವಾರ ಸಿರವಾರದ ಮದುವೆಯಲ್ಲಿ ಮುದುಕಮ್ಮ ದನಿ ಏರಿಸಿದಾಗಲೆಲ್ಲ ಮಷಿನ್ ಗಪ್ಪಾಗಿಬಿಡುತ್ತಿತ್ತು. "ಮುದುಕಿ ಬಾಯಿಗೆ ಮಷಿನೂ ಅಂಜ್ತದಲ್ಲೋ!" ಎಂದು ಬೀಗರು ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ಜೊತೆಗಾತಿಯರೂ "ಸಣ್ಣಗ ಹಾಡು ಬೇ" ಅನ್ನತೊಡಗಿದ್ದಾರೆ. ಇವತ್ತು ಮಾನ್ವಿಯಲ್ಲಿ ಮದುವೆ.

"ಇವತ್ತೂ ಗಪ್ಪಾತಂದ್ರ ನಾ ಇನ್ನ ಮೈಕ್ ಮುಟ್ಟಂಗಿಲ್ಲ," ಎನ್ನುತ್ತಾರೆ ಕಟ್ಟೆಯ ಮೇಲೆ ಕುಳಿತ ಮುದುಕಮ್ಮ. "ದನಿ ತಗ್ಗಿಸಿ ಹಾಡೋದು ನಮ್ಮವ್ವ ನನಗ ಕಲಿಸಿಲ್ಲ."

ತಿರುಪತಿಗೆ ಅರ್ಥವಾಗದ ವಿಷಯ ಒಂದೇ. ಅವನು ತಂದ ಆಂಪ್ಲಿಫೈಯರಿನ ಡಬ್ಬಿಯ ಮೇಲೆ ಕೆಂಪು ಅಕ್ಷರದಲ್ಲಿ ಐದು ಸಾವಿರ ವ್ಯಾಟ್ ಎಂದು ಬರೆದಿದೆ. ಇನ್ನೇನು ಬೇಕು?

ಯಶೋದಾ ಸೀಟಿನಡಿಯಿಂದ ಹೊರಬಂದು ಆಂಪ್ಲಿಫೈಯರನ್ನು ತಿರುಗಿಸಿ ಫ್ಯೂಜ್ ತೋರಿಸುತ್ತಾರೆ. ಮೂವತ್ತು ಆಂಪಿಯರಿನ ಒಂದೇ ಫ್ಯೂಜ್. "ಬ್ಯಾಟ್ರಿ ಹನ್ನೆರಡು, ಹದಿಮೂರು ವೋಲ್ಟ್. ಅದನ್ನ ಮೂವತ್ತಕ್ಕ ಗುಣಿಸು. ನಾಕು ನೂರು ವ್ಯಾಟ್ ಒಳಗ ಹೋಗೋದೇ ದೊಡ್ಡದು, ಅದ್ರಾಗ ಅರ್ಧ ಬಿಸಿಗೇ ಹೋಗ್ತದ. ಒಳಗ ಹೋಗದ ಐದು ಸಾವಿರ ಹೊರಗ ಎಲ್ಲಿಂದ ಬರಬೇಕೋ?"

"ಹಂಗಾದ್ರ ಬರದದ್ದು ಸುಳ್ಳಾ?"

"ಕಣ್ಣು ಮಿಟುಕಿಸೋದ್ರಾಗ ಒಂದು ಸಲ ಜಿಗದದ್ದನ್ನ ಬರದಾರ, ಅದಕ್ಕೂ ಒಂದಿಷ್ಟು ಕೂಡಿಸ್ಯಾರ. ಸಿರವಾರದ ಬಜಾರದಾಗ ಹಮಾಲರನ್ನ ನೋಡೀಯಲ್ಲ? ಚೀಲ ಒಮ್ಮಿ ಎತ್ತಿ ತೋರ್ಸೋದು ಬ್ಯಾರೆ, ಸಂಜಿತನ ಹೊರೋದು ಬ್ಯಾರೆ. ಸಂಜಿತನ ಹೊರೋದಕ್ಕ ಆರ್‌ಎಂಎಸ್ ಅಂತಾರ. ನಾ ಅದೊಂದೇ ಕೇಳ್ತೀನಿ."

ಸಾಲದ್ದಕ್ಕೆ, ಜೋರು ಬರಲಿ ಎಂದು ತಿರುಪತಿ ಒಂದು ಸ್ಪೀಕರಿನ ಜಾಗದಲ್ಲಿ ಎರಡೆರಡು ಕಟ್ಟಿದ್ದ. ಒಬ್ಬ ಹಮಾಲನ ತಲೆ ಮೇಲೆ ಎರಡು ಚೀಲ. ದನಿ ಏರಿದಾಗ ಮಷಿನ್ ಕಾದು, ತನ್ನ ಜೀವ ಉಳಿಸಿಕೊಳ್ಳಲು ತಾನೇ ಬಂದಾಗುತ್ತಿತ್ತು.

ಈ ಮಾತು ಯಶೋದಾ ಕಲಿತದ್ದು ರಾಯಚೂರಿನಲ್ಲಿ. ಗಬ್ಬೂರಿನ ಕುರಿಗಾಹಿ ಮಾಳಿಂಗಪ್ಪನ ಮಗಳು ಅವರು. ಅಪ್ಪ ಕುರಿಹಟ್ಟಿಗೆ ಒಯ್ಯುತ್ತಿದ್ದ ರೇಡಿಯೊ ಕೆಟ್ಟಾಗಲೆಲ್ಲ ಬಿಚ್ಚುತ್ತಿದ್ದವರು, ಮುಂದೆ ಆಟೊ ಎಲೆಕ್ಟ್ರಿಕಲ್ ಅಂಗಡಿಯ ಶಹಜಾದಿ ಬೇಗಂ ಅವರ ಕೈಕೆಳಗೆ ಸೇರಿದರು. "ಡಬ್ಬಿ ಸುಳ್ಳ ಹೇಳ್ತದ ಬೇಟಿ, ಫ್ಯೂಜ್ ಹೇಳಂಗಿಲ್ಲ," ಎಂಬುದು ಬೇಗಂ ಅವರ ಮೊದಲ ಪಾಠ. ದೇವದುರ್ಗಕ್ಕೆ ಬಂದು ಅಂಗಡಿ ತೆರೆದಾಗ ಗಾಡಿಯವರು ಒಳಗೆ ಇಣುಕಿ, "ಮಿಸ್ತ್ರಿ ಎಲ್ಲಿ ಹೋಗ್ಯಾನ?" ಎನ್ನುತ್ತಿದ್ದರು. "ಊಟಕ್ಕ ಹೋಗ್ಯಾನ್ರಿ, ಅಲ್ಲೀತನ ನಾ ನೋಡ್ತೀನಿ ಕುಂದರ್ರಿ ಅಂತಿದ್ದೆ," ಎಂದು ಯಶೋದಾ ನಗುತ್ತಾರೆ. "ಅವ ಬರೋದ್ರಾಗ ಕೆಲಸ ಮುಗದಿರ್ತಿತ್ತು."

ಈಗ ಅವರು ಒಳಗಿನಿಂದ ಬೇರೊಂದು ಆಂಪ್ಲಿಫೈಯರ್ ತರುತ್ತಾರೆ. ಹಳೆಯದು, ಭಾರ, ಅಂಚಿನಲ್ಲಿ ಬಣ್ಣ ಹೋಗಿದೆ. ಮೈಮೇಲೆ ಬರೆದಿರುವುದು ನಾಲ್ಕು ಸ್ಪೀಕರಿಗೆ ಎಪ್ಪತ್ತೈದೆಪ್ಪತ್ತೈದು ವ್ಯಾಟ್, ಅದೂ ಆರ್‌ಎಂಎಸ್, ನಾಲ್ಕು ಓಮಿನ ಸ್ಪೀಕರ್ ಕಟ್ಟಿದಾಗ. ಆದರೆ ಮೂವತ್ತು ಆಂಪಿಯರಿನ ಫ್ಯೂಜ್ ಇದಕ್ಕೆ ಎರಡು.

"ಐದು ಸಾವಿರ ಬಿಟ್ಟು ಎಪ್ಪತ್ತೈದಾ? ಮಂದಿ ನಗ್ತಾರಕ್ಕಾ!"

"ಮೊನ್ನೆ ನಕ್ಕಿಲ್ಲೇನು?" ಮುದುಕಮ್ಮ ಕಟ್ಟೆಯಿಂದಲೇ ಚುಚ್ಚುತ್ತಾರೆ. "ಹಾಕು ಬೇ ಯಶೋದಾ."

ಯಶೋದಾ ಹೆಬ್ಬೆರಳ ದಪ್ಪದ ವೈರನ್ನು ಬ್ಯಾಟರಿಯಿಂದಲೇ ಎಳೆಯುತ್ತಾರೆ, ಒಂದೊಂದು ಸ್ಪೀಕರಿಗೆ ಒಂದೊಂದು ದಾರಿ ಮಾಡುತ್ತಾರೆ. "ಇದು ಬಂದಾದ್ರ ನನ್ನ ಅಂಗಡಿನೂ ಬಂದ್ ಅಂತ ತಿಳಕೋ," ಎಂದು ತಾವೂ ಗಾಡಿ ಹತ್ತುತ್ತಾರೆ.

ಮಾನ್ವಿಯಲ್ಲಿ ಮದುಮಕ್ಕಳಿಗೆ ಸುರಗಿಯ ನೀರು ಹಾಕುವ ಹೊತ್ತು. ಹೆಂಗಸರು ಸುತ್ತ ನೆರೆದಿದ್ದಾರೆ. ಮುದುಕಮ್ಮ ಮೈಕ್ ಹಿಡಿದು ಮೊದಲ ಸಾಲನ್ನು ಅಳುಕುತ್ತಲೇ ತೆಗೆಯುತ್ತಾರೆ, ಎರಡನೆಯದರಲ್ಲೂ ದನಿ ಕೆಳಗೇ ಇದೆ. ಯಶೋದಾ ಗಾಡಿಯೊಳಗೆ ಆಂಪ್ಲಿಫೈಯರಿನ ಮೇಲೆ ಅಂಗೈ ಇಟ್ಟು ಕುಳಿತವರು ಕಿಟಕಿಯಿಂದ ಕೂಗುತ್ತಾರೆ: "ಯವ್ವಾ, ಬಿಡ್ರಿ ದನಿ! ನಾ ಅದೀನಿ!"

ಮುದುಕಮ್ಮ ಬಿಡುತ್ತಾರೆ. ದನಿ ಹಂದರ ದಾಟಿ, ಓಣಿ ದಾಟಿ, ಬಾವಿಕಟ್ಟೆಯವರೆಗೆ ಹೋಗುತ್ತದೆ. ಎಲ್ಲೂ ಸೀಳುವುದಿಲ್ಲ, ಒಡೆಯುವುದಿಲ್ಲ. ಜೊತೆಗಾತಿಯರು ಒಬ್ಬರ ಮುಖ ಒಬ್ಬರು ನೋಡಿ ತಾವೂ ಏರಿಸುತ್ತಾರೆ. ಮೈಗೆಲ್ಲ ಅರಿಶಿನ ಹಚ್ಚಿಕೊಂಡ ಮದುಮಗಳು ಕುಳಿತಲ್ಲೇ ತಾಳ ಹಾಕುತ್ತಾಳೆ. ಹಾಡು ಹಾಡಿಗೆ ಕೂಡಿ, ಅಕ್ಷತೆಯ ಅಕ್ಕಿಕಾಳು ಬಿದ್ದು, ಉಂಡೆದ್ದವರು ಎಲೆ-ಅಡಿಕೆ ಮೆಲ್ಲುವಾಗಲೂ ಮಷಿನ್ ಒಮ್ಮೆಯೂ ಗಪ್ಪಾಗಿಲ್ಲ.

ಮದುಮಗನ ಸೋದರಮಾವ ಗಾಡಿಯ ಹತ್ತಿರ ಬಂದು ಕೇಳುತ್ತಾನೆ: "ಎಷ್ಟು ವ್ಯಾಟ್ದೋ ಇದು?"

ತಿರುಪತಿ ಬಾಯಿ ತೆರೆಯುವ ಮೊದಲೇ ಮುದುಕಮ್ಮ ಮೈಕಿನಲ್ಲೇ ಉತ್ತರ ಕೊಡುತ್ತಾರೆ: "ಸಂಜಿತನ ಹೊರೋದು ಅದ ಯಪ್ಪಾ! ಕುಂದ್ರು, ಇನ್ನೊಂದು ಹಾಡತೀನಿ!"

ಹಂದರವೇ ನಗುತ್ತದೆ. ಈ ಸಲದ ನಗು ಬೇರೆ.

ಯಶೋದಾ ಆಗಷ್ಟೇ ಅಂಗೈ ತೆಗೆದಿದ್ದಾರೆ. ಕೈ ಬೆಚ್ಚಗಾಗಿದೆ, ಸುಟ್ಟಿಲ್ಲ. ಸೌಂಡ್ ಹೇಗಿತ್ತೆಂದು ಕೇಳಿದರೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳುತ್ತಾರೆ: "ಸೌಂಡ್ ನನಗ ಕೇಳ್ಲೇ ಇಲ್ರಿ. ಬರೇ ಮುದುಕಮ್ಮವ್ವನ ದನಿ ಕೇಳ್ತು. ಹಂಗ ಕೇಳಿದ್ರ ಫಿಟಿಂಗ್ ಸರಿ ಅದ ಅಂತ."